ನಲವತ್ತೆಂಟನೆಯದು

ಆಷಾಢದ ಗಾಳಿಗೆ ದುರ್ಗದಲ್ಲಿ ಅಂಗಳ ನಂಬುವಂತಿಲ್ಲ.
ಬಚ್ಚಲ ಪಕ್ಕದ ಹಜಾರದಲ್ಲೇ ಗೋಣಿ ಹಾಸಿದೆ.
ಓಬಣ್ಣನೂ ನಾನೂ ಹಗ್ಗ ಕಟ್ಟಿ
ಜೀಪಿನ ಹೊಟ್ಟೆಯಿಂದ ಇಳಿಸಿಕೊಂಡೆವು ಅದನ್ನು.
ಬೀಡುಕಬ್ಬಿಣದ ಪೆಟ್ಟಿಗೆ, ಓಡಿ ಬಂದ ಎತ್ತಿನ ಬೆನ್ನಿನಷ್ಟು ಬೆಚ್ಚಗೆ,
ಹಳೇ ಗೇರ್ ಎಣ್ಣೆಯ ಕೊಳೆತ ಬೆಳ್ಳುಳ್ಳಿ ನಾತ.
"ರಾಗಿ ಕೇರೋ ಮೊರ ಮುಟ್ಟಿದ್ರೆ ನೋಡು" ಅಂದಳು ಅಮ್ಮ.
ಮುಟ್ಟಿದೆ.

ಟ್ರಾನ್ಸ್‌ಫರ್ ಕೇಸ್ ಅಂತ ಹೆಸರು.
ಅಪ್ಪ ಕರೆಯುವುದು ಪಾಲುಪೆಟ್ಟಿಗೆ.
ಒಂದು ಕಡೆಯಿಂದ ಬಂದ ಸುತ್ತನ್ನು
ಹಿಂದಕ್ಕಿಷ್ಟು, ಬೇಕಾದರೆ ಮುಂದಕ್ಕಿಷ್ಟು.
ಹನ್ನೊಂದು ವರ್ಷ ಇದರ ಲಿವರ್ ಎಳೆದಿದ್ದೇನೆ,
ಜೋಗಿಮಟ್ಟಿ ಏರಿ, ಗಾಳಿಯಂತ್ರದ ಹುಡುಗರಿಗೆ
ನೀರು, ಬುತ್ತಿ, ಕೇಬಲ್ ಸುರುಳಿ ಹೊತ್ತು.
ಎಳೆದದ್ದು ಏನನ್ನು ಅಂತ ಇವತ್ತೇ ನೋಡಿದ್ದು.

ಎರಡು ಸರಳು, ನಡುವೆ ಅಡ್ಡ ಮಲಗಿದ
ಜ್ವರದ ಗುಳಿಗೆಯಂಥ ಒಂದು ಉಕ್ಕಿನ ತುಂಡು.
ಮುಂದಿನ ಗಾಲಿಗಳು ಕೈಗೂಡಿಸುವ ತನಕ
ಲೋ ಗೇರಿಗೆ ಇದು ದಾರಿ ಬಿಡುವುದಿಲ್ಲ.
ದೊಡ್ಡ ಭಾರ ಹಿಂದಿನವರ ಮೇಲಷ್ಟೇ ಬೀಳಬಾರದೆಂದು
ಯಾರೋ, ಎಲ್ಲೋ, ಕೂತು ಯೋಚಿಸಿದ್ದಾರೆ.
ಲಿವರ್ ಬೀಳದ ಏರಿನಲ್ಲಿ ಎಷ್ಟು ಸಲ ಬೈದಿದ್ದೆ ಇದಕ್ಕೆ,
ಇದರ ಅಮ್ಮನಿಗೂ.
ಬಟ್ಟೆಯಲ್ಲಿ ಒರೆಸಿ ಬೇರೆಯಾಗಿ ಇಟ್ಟೆ.

ಕೆಟ್ಟದ್ದು ಹೇಗೆ ಅನ್ನುವುದೂ ತಿಳಿಯಿತು.
ತಿರುವಿನಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ಹೆಚ್ಚು ನಡೆಯುತ್ತದೆ.
ಮಣ್ಣಾದರೆ ಒಂಚೂರು ಜಾರಿಸಿ ಲೆಕ್ಕ ಚುಕ್ತಾ ಮಾಡುತ್ತದೆ.
ಟಾರು ಮಾಡುವುದಿಲ್ಲ. ಟಾರಿನ ಬಾಕಿಯೆಲ್ಲ
ತಿರುಚಿ ತಿರುಚಿ ಪೆಟ್ಟಿಗೆಯೊಳಗೆ ಬಂದು ಕೂರುತ್ತದೆ.
ಕರಿಬಸಪ್ಪ ಮಗಳ ಮದುವೆಗೆಂದು ಒಯ್ದವನು
ಹೊಳಲ್ಕೆರೆವರೆಗೂ ನಾಲ್ಕು ಗಾಲಿ ಹಾಕಿಕೊಂಡೇ ಹೋಗಿದ್ದ.
"ಗಾಡಿ ಗಟ್ಟಿ ಹಿಡೀತು ಕಣಮ್ಮ" ಅಂದಿದ್ದ, ಮೆಚ್ಚಿಕೊಂಡು.

ಸ್ಪ್ರಿಂಗು ಹಾರಿ ಅಕ್ಕಿ ಡಬ್ಬದ ಹಿಂದೆ ಹೋಯಿತು, ಗುಂಡು ಬಚ್ಚಲಿಗೆ.
ಎರಡನ್ನೂ ಹುಡುಕಿ ತಂದೆ.
ನಡುಗೇರಿನ ಹೊಟ್ಟೆಯಿಂದ ಸೂಜಿ ರೋಲರುಗಳು ಸುರಿದವು.
ಎಣಿಸಿದೆ, ನಲವತ್ತೆಂಟು. ಪುಸ್ತಕದಲ್ಲೂ ಅಷ್ಟೇ.
ಮೊರ ಓರೆ ಮಾಡಿದೆ, ಸುಮ್ಮನೆ.
ನಲವತ್ತೇಳು ಉರುಳಿದವು.
ಒಂದು ಜಾರಿತು.

ಬೆಳಕಿಗೆ ಹಿಡಿದೆ. ಒಂದು ಮಗ್ಗುಲು ಚಪ್ಪಟೆ,
ತುದಿಯಲ್ಲಿ ಅರ ಉಜ್ಜಿದ ಗೆರೆ.
ಇದು ಕಾರ್ಖಾನೆಯದಲ್ಲ.
ಜಗಲಿಯಲ್ಲಿ ಕೂತಿದ್ದ ಅಪ್ಪನ ಅಂಗೈಗೆ ಹಾಕಿದೆ.
ಒಂದು ಬೋಲ್ಟು ಸಡಿಲಿದ್ದರೆ ಊಟ ಬಿಟ್ಟವನು,
ನನಗೆ ಸ್ಪ್ಯಾನರ್ ಹಿಡಿಯುವುದು ಕಲಿಸುವ ಮೊದಲು
ಅಳತೆ ಹಿಡಿಯುವುದು ಕಲಿಸಿದವನು.

ಬೆರಳಲ್ಲಿ ತಿರುಗಿಸಿದ, ಉಗುರಲ್ಲಿ ಕೆರೆದ.
"ರಾಜದೂತ್ ಚಕ್ರದ ಕಡ್ಡಿ" ಅಂದ.
ಯಾಕಪ್ಪಾ?
"ಅವತ್ತು ಭಾನ್ವಾರ. ಅಂಗಡಿ ಬಾಗ್ಲು ಹಾಕಿತ್ತು."
ಸ್ವಲ್ಪ ತಡೆದು,
"ಸೋಮವಾರ ಬದ್ಲಾಯಿಸಾನ ಅಂತಿದ್ದೆ."

ಅದು ಎಷ್ಟು ಸೋಮವಾರಗಳ ಹಿಂದೆ ಅಂತ
ನಾನು ಕೇಳಲಿಲ್ಲ, ಅವನು ಎಣಿಸಲಿಲ್ಲ.

ದಾವಣಗೆರೆಯ ಪಿ.ಬಿ. ರಸ್ತೆಯಿಂದ ಹೊಸ ಸೆಟ್ಟು ಬಂತು.
ಗ್ರೀಸಿನಲ್ಲಿ ಒಂದೊಂದಾಗಿ ಅಂಟಿಸಿದೆ, ಉಸಿರು ಬಿಗಿಹಿಡಿದು,
ಎರಡು ಕೂದಲೆಳೆಯಷ್ಟು ಆಟ ಉಳಿಯುವ ಹಾಗೆ ಶಿಮ್ಮು ಕೂರಿಸಿದೆ.
ಪೂರಾ ಬಿಗಿದರೆ ಸುಡುತ್ತದೆ, ಪೂರಾ ಬಿಟ್ಟರೆ ಕೂಗುತ್ತದೆ.
ಗ್ಯಾಸ್ಕೆಟ್ಟಿಗೆ ದಪ್ಪ ಕಾಗದ ಬೇಕಿತ್ತು.
ಕರಿಬಸಪ್ಪನ ಮನೆಯ ಲಗ್ನಪತ್ರಿಕೆಯೇ ಸಿಕ್ಕಿತು.
ಅಂಚಿಗಿಟ್ಟು ಗುಂಡುತಲೆ ಸುತ್ತಿಗೆಯಿಂದ ತಟ್ಟಿದೆ,
ಚಿ. ಸೌ. ಅನ್ನುವಲ್ಲಿ ಒಂದು ಬೋಲ್ಟಿನ ತೂತು.

ಕಡ್ಡಿ ಮಾತ್ರ ಮೊರದಲ್ಲಿ ಇರಲಿಲ್ಲ.
ಅಪ್ಪನ ಅಂಗಿ ಜೇಬು ಒಂದಿಷ್ಟು ಜೋತಿತ್ತು.
ನೋಡದವಳಂತೆ ಮೊರ ತೊಳೆದಿಟ್ಟೆ, ಎರಡು ಸಲ, ಸೀಗೆಪುಡಿ ಹಾಕಿ.

ಬೆಳಿಗ್ಗೆ ಜೋಗಿಮಟ್ಟಿಯ ಕಡಿದಾದ ತಿರುವು.
ಮುಂದಿನದು ಸೇರಿತು, ಗುಳಿಗೆ ದಾರಿ ಬಿಟ್ಟಿತು, ಲೋ ಬಿತ್ತು.
ಒಳಗೆ ಎರಡೂವರೆ ಸುತ್ತು, ಹೊರಗೆ ಒಂದು.
ಬಗಲಲ್ಲಿ ಒಂದು ಇರುವೆಸಾಲು ನಮ್ಮನ್ನು ದಾಟಿ ಹೋಗುವಷ್ಟು ನಿಧಾನ,
ನಿಲ್ಲದ ನಿಧಾನ.
ತುದಿಯಲ್ಲಿ ರೆಕ್ಕೆಗಳು ತಮ್ಮ ಪಾಡಿಗೆ ಸುತ್ತುತ್ತಿದ್ದವು.
ಅಲ್ಲೂ ಒಂದು ಹಲ್ಲಿನ ಪೆಟ್ಟಿಗೆಯುಂಟು, ಉಲ್ಟಾ ಕೆಲಸದ್ದು,
ನಿಧಾನವನ್ನು ತಿಂದು ವೇಗ ಉಗುಳುವುದು.

ಇಳಿದು, ಬಗ್ಗಿ ನೋಡಿದೆ.
ಬಂಡೆಯ ಮೇಲೆ ಒಂದು ಹನಿ, ಹೊಸ ಎಣ್ಣೆ.
ಮುಹೂರ್ತದ ಸಾಲಿನ ಹತ್ತಿರ ಎಲ್ಲೋ ಒಸರುತ್ತಿರಬೇಕು.
ಸೋಮವಾರ ನೋಡಾನ.